ಹದಿನೆಂಟು ಗುಂಟೆ ಎಲ್ಲಿ ಹೋಯ್ತು?

ಹೋದ ವಾರ ಸಕಲೇಶಪುರದಲ್ಲಿ ಬಿಟ್ಟೂ ಬಿಡದ ಮಳೆ. ಕರೆಂಟು ಎಂದಿನಂತೆ ಹೋಗಿತ್ತು. ಏಳನೇ ಕ್ಲಾಸಿನ ಮೊಮ್ಮಗಳು ಚಾರ್ಜಿಂಗ್ ದೀಪದ ಮುಂದೆ ಲೆಕ್ಕದ ನೋಟ್‌ಬುಕ್ ಹರಡಿಕೊಂಡು ಕೂತಿದ್ದಳು. ಹಾಳೆಯ ಮೇಲೆ ಎರಡು ಚೌಕ ಬರೆದಿದ್ದಳು. ಒಂದರ ಮೇಲೆ ‘ಪೂರ್ಣಾಂಕ’, ಇನ್ನೊಂದರ ಮೇಲೆ ‘ಭಾಗಲಬ್ಧ ಸಂಖ್ಯೆ’. 5, -3, 2/3, 0, -1/4 ಇವೆಲ್ಲ ಯಾವ ಯಾವ ಚೌಕಕ್ಕೆ ಅನ್ನುವುದು ಪ್ರಶ್ನೆ.

‘ತಾತ, 5 ಪೂರ್ಣಾಂಕ. ಹಾಗಾದ್ರೆ ಅದು ಭಾಗಲಬ್ಧ ಸಂಖ್ಯೆ ಅಲ್ಲ, ಅಲ್ವಾ?’

‘ನೀನು ಸಕಲೇಶಪುರದವಳು. ಹಾಗಾದ್ರೆ ಹಾಸನ ಜಿಲ್ಲೆಯವಳು ಅಲ್ವಾ?’ ಅಂದೆ.

ನಕ್ಕಳು. ಅರ್ಧ ಅರ್ಥವಾಯಿತು ಅಂತ ಕಾಣುತ್ತೆ. ಸಕಲೇಶಪುರ ತಾಲ್ಲೂಕಿನವರೆಲ್ಲ ಹಾಸನ ಜಿಲ್ಲೆಯವರೇ. ಆದರೆ ಜಿಲ್ಲೆಯವರೆಲ್ಲ ಸಕಲೇಶಪುರದವರಲ್ಲ. ಪಕ್ಕದಲ್ಲೇ ಆಲೂರಿನವರಿದ್ದಾರೆ, ಬೇಲೂರಿನವರಿದ್ದಾರೆ. ಪೂರ್ಣಾಂಕಗಳದ್ದು ಒಂದು ತಾಲ್ಲೂಕು, ಭಾಗಲಬ್ಧ ಸಂಖ್ಯೆಗಳದ್ದು ಇಡೀ ಜಿಲ್ಲೆ. ಹೆಸರೇ ಹೇಳುತ್ತದಲ್ಲ, ಒಂದು ಪೂರ್ಣಾಂಕವನ್ನು ಇನ್ನೊಂದರಿಂದ ಭಾಗಿಸಿದಾಗ ಲಭಿಸಿದ್ದು ಭಾಗಲಬ್ಧ. 5ನ್ನು 5/1 ಅಂತ ಬರೆಯಬಹುದು, 10/2 ಅಂತಲೂ ಬರೆಯಬಹುದು. -3 ಅಂದರೆ -3/1. ಸೊನ್ನೆ ಅಂದರೆ 0/1. ಕೆಳಗಡೆ ಮಾತ್ರ ಸೊನ್ನೆ ಬರಕೂಡದು. ಪಾಲುದಾರರೇ ಇಲ್ಲದ ಮೇಲೆ ತಲಾ ಎಷ್ಟು ಅಂತ ಯಾರನ್ನು ಕೇಳೋದು?

ಪೂರ್ಣಾಂಕಗಳನ್ನು ಕೂಡಿಸಿ, ಕಳೆಯಿರಿ, ಗುಣಿಸಿ, ಉತ್ತರ ತಾಲ್ಲೂಕಿನೊಳಗೇ ಇರುತ್ತದೆ. ಭಾಗಿಸಿದಾಗ ಮಾತ್ರ ಎಷ್ಟೋ ಸಲ ಗಡಿ ದಾಟುತ್ತದೆ. ಇದನ್ನು ನಾನು ಸರಿಯಾಗಿ ಕಲಿತಿದ್ದು ಬಿ.ಕಾಂ.ನಲ್ಲಲ್ಲ, ಬ್ಯಾಂಕಿನ ಲೆಡ್ಜರಿನಲ್ಲೂ ಅಲ್ಲ. ನಮ್ಮ ಮನೆ ಜಗಲಿಯ ಮೇಲೆ, ಪಾಲು ಪಾರೀಕತ್ತಿನ ದಿನ.

ಅಪ್ಪ ತೀರಿಕೊಂಡ ಮೇಲೆ ಆಲೂರು ಕಡೆಯ ಜಮೀನನ್ನು ನಾನು, ತಮ್ಮ, ತಂಗಿ ಮೂವರೂ ಸಮ ಹಂಚಿಕೊಳ್ಳಬೇಕಿತ್ತು. ಒಟ್ಟು 2 ಎಕರೆ 30 ಗುಂಟೆ. ನಮ್ಮ ಕಡೆ ಅದನ್ನು 2.30 ಅಂತಲೇ ಬರೆಯುವ ರೂಢಿ. ಬ್ಯಾಂಕಿನವನು ಅನ್ನೋ ಗತ್ತು ಬೇರೆ, ಜೇಬಿನಿಂದ ಕ್ಯಾಲ್ಕುಲೇಟರ್ ತೆಗೆದೆ. 2.30 ಭಾಗಿಸು 3. ಉತ್ತರ 0.7666. ಎಕರೆಗೆ 40 ಗುಂಟೆಯಂತೆ ಗುಣಿಸಿ, ‘ತಲಾ ಮೂವತ್ತು ಗುಂಟೆ, ಮೇಲೆ ಮುಕ್ಕಾಲಿಗೆ ಸ್ವಲ್ಪ ಕಡಿಮೆ’ ಅಂತ ಘೋಷಿಸಿಬಿಟ್ಟೆ. ತಮ್ಮ ತಲೆಯಾಡಿಸಿದ.

ನಾಲ್ಕನೇ ಕ್ಲಾಸಿಗೇ ಸ್ಕೂಲು ಬಿಟ್ಟ ತಂಗಿ, ಎಲೆ ಅಡಿಕೆ ಪಕ್ಕಕ್ಕಿಟ್ಟು ಬೆರಳು ಮಡಚಿದಳು. ‘ಅಣ್ಣಯ್ಯ, ಎರಡೆಕರೆಗೆ ಎಂಬತ್ತು, ಮೇಲೆ ಮೂವತ್ತು, ನೂರಹತ್ತು ಗುಂಟೆ. ನೀನು ಹೇಳಿದ್ದು ಮೂರು ಪಾಲೂ ಸೇರಿದ್ರೆ ತೊಂಬತ್ತೆರಡು. ಹದಿನೆಂಟು ಗುಂಟೆ ಎಲ್ಲಿ ಹೋಯ್ತು?’

ಜಗಲಿ ಗಪ್‌ಚಿಪ್. ದೊಡ್ಡ ಮಗ ಲೆಕ್ಕದಲ್ಲಿ ಏನೋ ಮಾಡಿದ ಅಂತ ನೆಂಟರಲ್ಲಿ ಒಬ್ಬಿಬ್ಬರು ಮುಖ ಮುಖ ನೋಡಿಕೊಂಡರು. ನಾನು ಬೆವರಿದೆ. ಆ ಚುಕ್ಕಿ ದಶಮಾಂಶದ ಚುಕ್ಕಿಯಲ್ಲ. ಎಕರೆಯನ್ನೂ ಗುಂಟೆಯನ್ನೂ ಬೇರೆ ಮಾಡಿ ತೋರಿಸುವ ಗುರುತು ಅಷ್ಟೆ. 30 ಗುಂಟೆ ಅಂದರೆ 30/40, ಅಂದರೆ 3/4 ಎಕರೆ. ನಮ್ಮ ಜಮೀನು ಎರಡೂ ಮುಕ್ಕಾಲು ಎಕರೆ, ಭಿನ್ನರಾಶಿಯಲ್ಲಿ 11/4.

ತಪ್ಪು ಒಪ್ಪಿಕೊಂಡು 110ನ್ನು 3ರಿಂದ ಭಾಗಿಸಿದೆ. 36.6666 ಅಂತ ಡಬ್ಬಿಯ ತುಂಬಾ ಆರು. ‘ಇದು ಮುಗಿಯೋದೇ ಇಲ್ವಲ್ಲಣ್ಣ’ ಅಂದ ತಮ್ಮ. ‘ತಲಾ ಮೂವತ್ತಾರು ಇಟ್ಕೊಳೋಣ. ಉಳಿದ ಎರಡು ಗುಂಟೆ ನೀನೇ ಇಟ್ಕೊ, ದೊಡ್ಡೋನು.’ ತಂಗಿ ಮಾತಾಡಲಿಲ್ಲ, ಆದರೆ ಮುಖ ನೋಡಿದೆ. ಅವಳು ಕೇಳಿದ್ದು ಸಮಪಾಲು.

ಒಂದು ಗುಂಟೆ ಅಂದರೆ 33 ಅಡಿ ಉದ್ದ, 33 ಅಡಿ ಅಗಲ. ಉಳಿದದ್ದು ಕಣದ ಜಾಗ, ಎರಡು ಗುಂಟೆ ಪಕ್ಕಪಕ್ಕ ಇಟ್ಟ ಹಾಗೆ 66 ಅಡಿ ಉದ್ದ, 33 ಅಡಿ ಅಗಲ. 66ನ್ನು ಮೂರು ಮಾಡಿದರೆ 22. ಟೇಪು ಹಿಡಿದು 22 ಅಡಿಗೊಂದು ಗೂಟ ಹೊಡೆದೆವು. ಕ್ಯಾಲ್ಕುಲೇಟರಿನಲ್ಲಿ ಮುಗಿಯದೇ ಇದ್ದ ಸಂಖ್ಯೆ ನೆಲದ ಮೇಲೆ ಎರಡು ಗೂಟಕ್ಕೆ ಮುಗಿಯಿತು. ಒಬ್ಬೊಬ್ಬರಿಗೆ 36 ಗುಂಟೆ, ಮೇಲೆ 2/3 ಗುಂಟೆ. ಎಕರೆಯಲ್ಲಿ ಹೇಳಿದರೆ 11/12, ಒಂದು ಅಂಗುಲ ಹೆಚ್ಚಿಲ್ಲ, ಕಡಿಮೆಯಿಲ್ಲ.

ಸಂಕ್ಷೇಪಿಸಿದ ಮೇಲೆ ಛೇದದಲ್ಲಿ 2, 5 ಇವುಗಳ ಗುಣಾಕಾರ ಮಾತ್ರ ಇದ್ದರೆ ದಶಮಾಂಶ ಒಂದು ಕಡೆ ನಿಲ್ಲುತ್ತದೆ. 1/4 ಅಂದರೆ 0.25, 1/16 ಅಂದರೆ 0.0625. ಛೇದದಲ್ಲಿ 3 ಉಳಿದುಕೊಂಡರೆ ನಿಲ್ಲುವುದಿಲ್ಲ. ನಿಲ್ಲದಿದ್ದರೂ 2/3 ಅನ್ನೋದು 5ರಷ್ಟೇ ಖಚಿತವಾದ ಸಂಖ್ಯೆ.

ದಶಮಾಂಶ ನಿಂತರೂ ಕೈಗೆ ಪೂರ್ತಿ ಸಿಗುತ್ತದೆ ಅಂತಿಲ್ಲ. ಅಜ್ಜ ಅಜ್ಜಿಯರಿಗೆ ನೆನಪಿರಬಹುದು, 1957ರ ಏಪ್ರಿಲ್ 1ರಂದು ನಯಾ ಪೈಸೆ ಬಂತು. ರೂಪಾಯಿಗೆ ಹದಿನಾರಾಣೆ ಇದ್ದದ್ದು ನೂರು ಪೈಸೆ ಆಯಿತು. ನಾಲ್ಕಾಣೆಗೆ 25, ಎಂಟಾಣೆಗೆ 50, ಜಗಳವಿಲ್ಲ. ಒಂದಾಣೆಗೆ? ಆರೂಕಾಲು ಪೈಸೆ. ಕಾಲು ಪೈಸೆಯ ನಾಣ್ಯ ಎಲ್ಲಿ? ಆರು ಕೊಟ್ಟು ಸುಮ್ಮನಾಗುತ್ತಿದ್ದರು. ಹದಿನಾರು ಸಲ ಒಂದೊಂದಾಣೆ ಬದಲಾಯಿಸಿದವನಿಗೆ ಸಿಕ್ಕೋದು 96 ಪೈಸೆ. ನಾನಾಗ ಇನ್ನೂ ಚಿಕ್ಕವನು. ಪೆಪ್ಪರಮೆಂಟಿನ ಅಂಗಡಿಯಲ್ಲಿ ಈ ಕಾಲು ಪೈಸೆಗಾಗಿ ವಾದ ಮಾಡಿದ್ದು ನೆನಪಿದೆ, ಗೆದ್ದದ್ದು ನೆನಪಿಲ್ಲ.

‘ತಾತ, -1/4 ಯಾವುದಕ್ಕೆ?’ ಮೊಮ್ಮಗಳು ಜ್ಞಾಪಿಸಿದಳು.

‘ನಾಲ್ಕಾಣೆ ಸಾಲ. ಭಾಗಲಬ್ಧವೇ, ಪೂರ್ಣಾಂಕ ಅಲ್ಲ.’

ಅವಳು ಎರಡು ಚೌಕವನ್ನೂ ಅಳಿಸಿ, ಒಂದು ದೊಡ್ಡ ಚೌಕ ಬರೆದು ಅದರೊಳಗೆ ಇನ್ನೊಂದು ಚಿಕ್ಕದು ಬರೆದಳು. ಒಳಗಿನದಕ್ಕೆ 5, -3, 0. ಹೊರಗೆ 2/3, -1/4. ಚಿಕ್ಕ ಚೌಕಕ್ಕೆ ‘ಸಕಲೇಶಪುರ’ ಅಂತ ಹೆಸರನ್ನೂ ಬರೆದಳು. ಮೇಷ್ಟ್ರು ಏನನ್ನುತ್ತಾರೋ ನೋಡಬೇಕು.

ಮಕ್ಕಳೇ, ಮುಂದಿನ ವಾರಕ್ಕೆ ನಿಮಗೊಂದು ಲೆಕ್ಕ. 4 ಎಕರೆ 10 ಗುಂಟೆ, ಆರು ಜನ ಪಾಲುದಾರರು. ತಲಾ ಎಷ್ಟು ಗುಂಟೆ? ಎಕರೆಯ ಲೆಕ್ಕದಲ್ಲಿ ಎಷ್ಟನೇ ಭಾಗ? ಕ್ಯಾಲ್ಕುಲೇಟರ್ ಬೇಡ, ಮನೆಯಲ್ಲಿರುವ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.