ಜಾಲದ ಹಾಜರಿ ಪುಸ್ತಕ ಯಾರ ಕೈಯಲ್ಲಿ?

ಕಾಲೇಜಿನ ವಿದ್ಯಾರ್ಥಿಯೊಬ್ಬ ತನ್ನ ಫೋನನ್ನು ಅಲ್ಲಿಯ ವೈಫೈ ಜಾಲಕ್ಕೆ ಸೇರಿಸಹೊರಟರೆ, ಕಣ್ಣಿಗೆ ಕಾಣದ ಕಾವಲುಗಾರನೊಬ್ಬ ತಡೆದು ವಿಚಾರಿಸುತ್ತಾನೆ. ನೀನು ಯಾರು? ಎಲ್ಲಿಯವರೆಗೆ ಅಪ್ಪಣೆ? ಎಷ್ಟು ಹೊತ್ತು ಒಳಗಿದ್ದೆ? ದಾಖಲಾತಿ, ತರಗತಿ, ಹಾಜರಿ ಮೂರನ್ನೂ ಒಬ್ಬನೇ ನೋಡಿಕೊಳ್ಳುವ ಈ ಗುಮಾಸ್ತ ಮನುಷ್ಯನಲ್ಲ, ತಂತ್ರಾಂಶ. ಹಾಜರಿ ಪುಸ್ತಕ ಕೈಯಲ್ಲಿದ್ದವನದೇ ದರಬಾರು ಎಂಬುದು ಹಿಂದೆ ಮೇಷ್ಟರಾಗಿದ್ದ ನನಗೆ ಚೆನ್ನಾಗಿ ಗೊತ್ತು. ಸಾರ್ವಜನಿಕರ ಹಣದಿಂದ ನಡೆಯುವ ಕಾಲೇಜು, ಆಸ್ಪತ್ರೆ, ಗ್ರಂಥಾಲಯಗಳಲ್ಲಿ ಆ ಪುಸ್ತಕ ಯಾರದಾಗಿರಬೇಕು?

ಈ ಕಾವಲುಗಾರನನ್ನು ಬಾಡಿಗೆಗೆ ಕೊಡುವ ಕಂಪೆನಿಗಳು ಹಲವಿವೆ. ಜಾಲಕ್ಕೆ ಸೇರುವ ಯಂತ್ರಗಳ ತಲೆ ಎಣಿಸಿ ಲೈಸೆನ್ಸ್ ಹಣ ವಸೂಲು ಮಾಡುತ್ತವೆ. ಅವನು ಏನು ಬರೆದುಕೊಳ್ಳುತ್ತಾನೆಂದು ಒಳಹೊಕ್ಕು ನೋಡುವಂತಿಲ್ಲ. ಬೇರೆ ದಾರಿಯೇ ಇಲ್ಲವೆನ್ನುವ ಅಧಿಕಾರಿಗಳು ಒಂದೋ ತಿಳಿಯದವರು, ಇಲ್ಲವೇ ತಿಳಿಯಲೊಲ್ಲದವರು.

ದಾರಿ ಇದೆ. ಈ ವಿಚಾರಣೆಗೆ ರೇಡಿಯಸ್ ಎಂಬ ಕ್ರಮವನ್ನು 1991ರಲ್ಲಿ ಅಮೆರಿಕದ ಲಿವಿಂಗ್‌ಸ್ಟನ್ ಕಂಪೆನಿ ರೂಪಿಸಿತು. ಮುಂದೆ ಅದು ಎಲ್ಲರೂ ಬಳಸುವ ಪ್ರಕಟಿತ ನಿಯಮವಾಯಿತು. ಅದನ್ನು ಅನುಸರಿಸುವ ಫ್ರೀರೇಡಿಯಸ್ ಎಂಬ ಮುಕ್ತ ತಂತ್ರಾಂಶದ ಕೆಲಸ 1999ರಲ್ಲಿ ಆರಂಭವಾಯಿತು. ಯಾರು ಬೇಕಾದರೂ ಅದರ ಮೂಲವನ್ನು ಓದಬಹುದು, ತಿದ್ದಬಹುದು, ಹಂಚಬಹುದು. ಪ್ಯಾಕೆಟ್‌ಫೆನ್ಸ್ ಎಂಬ ಇನ್ನೊಂದು ಇದೇ ಫ್ರೀರೇಡಿಯಸನ್ನು ಒಳಗಿಟ್ಟುಕೊಂಡು, ಪರಿಚಯವಿಲ್ಲದ ಯಂತ್ರ ಬಂದರೆ ಅದನ್ನು ಪ್ರತ್ಯೇಕ ಓಣಿಯಲ್ಲಿ ಕೂರಿಸಿ, ಹೆಸರು ನೋಂದಾಯಿಸಿದ ಮೇಲೆ ಒಳಬಿಡುತ್ತದೆ. ಅದನ್ನು ನಡೆಸುತ್ತಿದ್ದ ಕೆನಡಾದ ಇನ್ವರ್ಸ್ ಕಂಪೆನಿಯನ್ನು 2021ರಲ್ಲಿ ಅಕಮೈ ಎಂಬ ದೊಡ್ಡ ಕುಳ ಕೊಂಡುಕೊಂಡಿತು. ಕೊಂಡರೇನು? ಜನರ ಕೈಸೇರಿದ ಮೂಲವನ್ನು ಕಸಿದುಕೊಳ್ಳಲು ಲೈಸೆನ್ಸ್ ಬಿಡುವುದಿಲ್ಲ.

ಮೂಲ ಎಲ್ಲರಿಗೂ ಕಂಡರೆ ಕಳ್ಳನಿಗೂ ಕಾಣುವುದಿಲ್ಲವೇ ಎಂದು ಕೆಲವರು ಕೇಳುತ್ತಾರೆ. ಬೀಗದ ರಚನೆ ಗೊತ್ತಿದ್ದ ಮಾತ್ರಕ್ಕೆ ಬೀಗದ ಕೈ ಸಿಕ್ಕಿದಂತಾಗದು. 2024ರ ಜುಲೈಯಲ್ಲಿ ಸಂಶೋಧಕರು ರೇಡಿಯಸ್ ಕ್ರಮದಲ್ಲೇ ದೊಡ್ಡದೊಂದು ಬಿರುಕನ್ನು ತೋರಿಸಿದರು. ಅದಕ್ಕೆ ಬ್ಲಾಸ್ಟ್‌ರೇಡಿಯಸ್ ಎಂದು ಹೆಸರು. ಎಂಡಿ5 ಎಂಬ ಹಳೆಯ ಗೂಢಲೆಕ್ಕವನ್ನು ನಂಬಿದ್ದೇ ಅದರ ಬೇರು. ಮುಚ್ಚಿಟ್ಟ ತಂತ್ರಾಂಶಗಳಿಗೂ ಅದು ತಟ್ಟಿತು. ಮುಚ್ಚಿಟ್ಟಿದ್ದರಿಂದ ಅವುಗಳಿಗೆ ರಕ್ಷಣೆ ಸಿಗಲಿಲ್ಲ. ಫ್ರೀರೇಡಿಯಸ್‌ನವರು ಮಾಡಿದ ದುರಸ್ತಿಯನ್ನು ಮಾತ್ರ ಯಾರು ಬೇಕಾದರೂ ಪರೀಕ್ಷಿಸಬಹುದಾಗಿತ್ತು.

ಆದರೆ ಪುಕ್ಕಟೆ ಎಂಬ ಮಾತಿಗೆ ಮರುಳಾಗುವುದೂ ಬೇಡ. ತಂತ್ರಾಂಶ ತಾನಾಗಿ ನಡೆಯದು. ಬಲ್ಲವನೊಬ್ಬ ಅದನ್ನು ಕೂರಿಸಬೇಕು, ದುರಸ್ತಿ ಬಂದಾಗ ಹಾಕಬೇಕು, ರಾತ್ರಿ ಕೆಟ್ಟರೆ ಎದ್ದು ಬರಬೇಕು. ಲೈಸೆನ್ಸಿಗೆ ಹಣ ಹುಡುಕುವ ಸರಕಾರ ಈ ಕೆಲಸಗಾರನಿಗೆ ಮಾತ್ರ ಗುತ್ತಿಗೆ ಸಂಬಳ ಸಾಕೆಂದರೆ, ಮುಕ್ತ ತಂತ್ರಾಂಶವೂ ಹಾಳು ಬೀಳುತ್ತದೆ. ಆಮೇಲೆ ದೂರು ಅದರ ತಲೆಗೇ. ಉಳಿಸಿದ ಹಣ ಖಾಯಂ ಹುದ್ದೆಗೆ ಹೋಗಬೇಕು. ಇನ್ನೂ ಒಂದು ಮಾತು: ಮೂಲ ತೆರೆದಿದ್ದರೂ ಹಾಜರಿಯ ದಾಖಲೆ ಆಡಳಿತದ ಬಳಿಯೇ ಇರುತ್ತದೆ. ಯಾವ ಹುಡುಗಿ ಎಷ್ಟು ಹೊತ್ತಿಗೆ ಯಾವ ಕಟ್ಟಡದಲ್ಲಿದ್ದಳೆಂದು ಅದರಿಂದ ಊಹಿಸಬಹುದು. ಅದನ್ನು ಎಷ್ಟು ದಿನ ಇಡಬೇಕು, ಯಾರು ನೋಡಬೇಕು ಎಂಬುದನ್ನು ಬರೆದು ಗೋಡೆಗೆ ಅಂಟಿಸಲಿ.

ಕೇಂದ್ರ ಸರಕಾರವೇ 2015ರ ಮಾರ್ಚಿಯಲ್ಲಿ ಮುಕ್ತ ತಂತ್ರಾಂಶದ ನೀತಿಯನ್ನು ಪ್ರಕಟಿಸಿದೆ. ಟೆಂಡರಿಗೆ ಬರುವವರು ಮುಕ್ತ ತಂತ್ರಾಂಶವನ್ನೂ ಪರಿಗಣಿಸಬೇಕು, ಬಿಟ್ಟರೆ ಕಾರಣ ಕೊಡಬೇಕು ಎಂದು ಅದರಲ್ಲಿದೆ. ಕಾಲೇಜು ಅಭಿವೃದ್ಧಿ ಸಮಿತಿಗಳಲ್ಲಿರುವ ನಮ್ಮ ಬಂಧುಗಳು ಮುಂದಿನ ಸಭೆಯಲ್ಲಿ ಜಾಲದ ಟೆಂಡರನ್ನು ತರಿಸಿ, ಆ ಕಾರಣ ಎಲ್ಲಿ ಬರೆದಿದೆಯೆಂದು ಕೇಳಿ ನೋಡಲಿ.