ಕಾರಿನ ವಿದ್ಯುತ್ ದೋಷಕ್ಕೆ ಕೈದೀಪದ ಪರೀಕ್ಷೆ

ಆಟಿಯ ಮಳೆ ಹಿಡಿಯಿತೆಂದರೆ ನಮ್ಮ ಕಾಸರಗೋಡಿನ ಕಡೆ ಕಾರುಗಳ ಕಾಯಿಲೆಯೂ ಹೆಚ್ಚುತ್ತದೆ. ಹಿಂಬದಿಯ ದೀಪ ಉರಿಯದು, ಹಾರ್ನ್ ಮೂಕವಾಗುವುದು, ರಾತ್ರಿ ಮಂಗಳೂರಿನ ಆಸ್ಪತ್ರೆಗೆ ಹೊರಡಬೇಕಾದ ಗಳಿಗೆಯಲ್ಲಿಯೇ ಎಂಜಿನ್ 'ಟಕ್' ಎಂದು ಸುಮ್ಮನಾಗುವುದು. ಆಗ ಬಹುಮಂದಿ ಮಾಡುವುದೇನು? ಮೊದಲು ಬ್ಯಾಟರಿಯನ್ನು ಬದಲಾಯಿಸುತ್ತಾರೆ. ಗುಣ ಕಾಣದಿದ್ದರೆ ಆಲ್ಟರ್ನೇಟರ್, ಅದರಿಂದಲೂ ಆಗದಿದ್ದರೆ ಸ್ಟಾರ್ಟರ್. ಸಾವಿರಾರು ರೂಪಾಯಿ ಕೈಬಿಟ್ಟ ಮೇಲೆ ದೋಷ ದೊರೆಯುವುದು ತುಕ್ಕು ಹಿಡಿದ ಒಂದು ಬೋಲ್ಟಿನ ಕೆಳಗೆ! ನಾಡಿ ನೋಡದೆ ಮದ್ದು ಅರೆಯುವ ಈ ಪದ್ಧತಿಯನ್ನು ತಪ್ಪಿಸಲು ಒಂದು ಚಿಕ್ಕ ಉಪಕರಣ ಸಾಕು.

ಬಿಡಿಭಾಗಗಳ ಅಂಗಡಿಯಲ್ಲಿ 'ಟೆಸ್ಟ್ ಲ್ಯಾಂಪ್' ಎಂದು ಕೇಳಿದರೆ ಕೊಡುತ್ತಾರೆ. ಪಾರದರ್ಶಕವಾದ ಹಿಡಿ, ಅದರೊಳಗೆ 12 ವೋಲ್ಟಿನ ಪುಟ್ಟ ಬಲ್ಬು, ಮುಂದೆ ಸೂಜಿಯಂತಹ ಮೊನೆ, ಹಿಂದೆ ಉದ್ದನೆಯ ತಂತಿ, ಅದರ ತುದಿಯಲ್ಲಿ ಹಲ್ಲುಳ್ಳ ಕ್ಲಿಪ್ಪು. ಇಷ್ಟೇ ಅದರ ಸ್ವರೂಪ. ಮನೆಯ ಪ್ಲಗ್ಗಿಗೆ ಚುಚ್ಚಿ ನೋಡುವ ನಿಯಾನ್ ಟೆಸ್ಟರ್ ಬೇರೆ, ಇದು ಬೇರೆ. ಹತ್ತಾರು ವೋಲ್ಟುಗಳಿಲ್ಲದೆ ನಿಯಾನ್ ಬೆಳಗುವುದಿಲ್ಲವಾದ್ದರಿಂದ ಕಾರಿನಲ್ಲಿ ಅದು ನಿರುಪಯೋಗಿ. ಕಾರಿನ ಈ ದೀಪವನ್ನು ಮನೆಯ 230 ವೋಲ್ಟಿಗೆ ತಾಗಿಸುವುದಂತೂ ಪ್ರಾಣಾಪಾಯ. ಎರಡನ್ನೂ ಒಂದೇ ಡಬ್ಬದಲ್ಲಿ ಇಡಬಾರದು.

ಪರೀಕ್ಷೆಗೆ ತೊಡಗುವ ಮುನ್ನ ಪರೀಕ್ಷಕನನ್ನೇ ಪರೀಕ್ಷಿಸಬೇಕು. ಕ್ಲಿಪ್ಪನ್ನು ಬ್ಯಾಟರಿಯ ಋಣಧ್ರುವಕ್ಕೆ ಕಚ್ಚಿಸಿ, ಮೊನೆಯನ್ನು ಧನಧ್ರುವಕ್ಕೆ ಮುಟ್ಟಿಸಿದಾಗ ದೀಪ ಬೆಳಗಬೇಕು. ಅನಂತರ ಕ್ಲಿಪ್ಪನ್ನು ಬಣ್ಣವಿಲ್ಲದ ಶುದ್ಧ ಲೋಹಕ್ಕೆ ಸಿಕ್ಕಿಸಿ ಫ್ಯೂಸುಗಳ ಪೆಟ್ಟಿಗೆಗೆ ಬನ್ನಿ. ಚಪ್ಪಟೆ ಫ್ಯೂಸಿನ ನೆತ್ತಿಯ ಮೇಲೆ ಲೋಹದ ಎರಡು ಚುಕ್ಕೆಗಳಿರುತ್ತವೆ. ಸಂಬಂಧಪಟ್ಟ ಸ್ವಿಚ್ಚನ್ನು ಹಾಕಿ ಎರಡನ್ನೂ ಮುಟ್ಟಿ ನೋಡಿರಿ. ಎರಡರಲ್ಲೂ ಬೆಳಗಿದರೆ ಫ್ಯೂಸು ಸರಿ. ಒಂದರಲ್ಲಿ ಮಾತ್ರ ಬೆಳಗಿದರೆ ಫ್ಯೂಸು ಸುಟ್ಟಿದೆ. ಎರಡರಲ್ಲೂ ಇಲ್ಲವೆಂದರೆ ವಿದ್ಯುತ್ತು ಅಲ್ಲಿಯವರೆಗೆ ಬಂದೇ ಇಲ್ಲ. ಹಿಂದಕ್ಕೆ ಹೋಗಿ ಹುಡುಕಬೇಕು. ಫ್ಯೂಸು ಸರಿಯಿದ್ದರೆ ಉರಿಯದ ದೀಪದ ಬಳಿಗೆ ಹೋಗಿ, ಅದರ ಕನೆಕ್ಟರನ್ನು ಬಿಡಿಸಿ, ಧನತಂತಿಯ ಬಾಯಿಗೆ ಮೊನೆಯನ್ನು ಇಡಬೇಕು. ಬೆಳಗಿತೇ? ಹಾಗಾದರೆ ತಂತಿ ನಿರ್ದೋಷಿ. ಬಲ್ಬು ಅಥವಾ ಅರ್ತ್ ಅಪರಾಧಿ. ಹಾರ್ನ್ ಮಾತ್ರ ಸ್ವಲ್ಪ ವಿಲಕ್ಷಣ: ಅನೇಕ ಕಾರುಗಳಲ್ಲಿ ಅದರ ಗುಂಡಿಯು ಅರ್ತ್ ಕಡೆಯನ್ನು ಕೂಡಿಸುತ್ತದೆ. ಆದ್ದರಿಂದ ಒತ್ತದಿರುವಾಗಲೂ ಗುಂಡಿಯ ತಂತಿಯಲ್ಲಿ ದೀಪ ಬೆಳಗಿದರೆ ಗಾಬರಿ ಬೇಡ.

ಅರ್ತ್ ಎಂಬ ಈ ಮಾತು ನಮ್ಮ ಊರಿನಲ್ಲಿ ಕನ್ನಡ, ತುಳು, ಮಲಯಾಳ ಯಾವ ಭಾಷೆಯ ಎಲೆಕ್ಟ್ರಿಷಿಯನ್ನನಿಗೂ ಅನುವಾದವಿಲ್ಲದೆ ತಿಳಿಯುತ್ತದೆ; ಆದರೆ ಅದನ್ನು ಮೊದಲು ಪರೀಕ್ಷಿಸುವವರು ವಿರಳ. ಬ್ಯಾಟರಿಯಿಂದ ಹೊರಟ ಪ್ರವಾಹವು ಕೆಲಸ ಮುಗಿಸಿ ಕಾರಿನ ಲೋಹದ ದೇಹದ ಮೂಲಕ ಹಿಂದಿರುಗಬೇಕು. ಈ ಮರುದಾರಿಯು ನಿಂತಿರುವುದು ಕೆಲವು ಬೋಲ್ಟುಗಳ ಮೇಲೆ. ಕಡಲ ಗಾಳಿಯ ಉಪ್ಪು, ತಿಂಗಳುಗಟ್ಟಲೆ ಆರದ ತೇವ ಸೇರಿ ಕಬ್ಬಿಣಕ್ಕೆ ತುಕ್ಕು, ತಾಮ್ರಕ್ಕೆ ಹಸಿರು ಕಿಲುಬು ಹಿಡಿಸುತ್ತವೆ. ಇಂಡಿಕೇಟರ್ ಹಾಕಿದಾಗ ಹಿಂಬದಿಯ ದೀಪವೂ ಮಂಕಾಗಿ ಮಿನುಗುವ ವಿಚಿತ್ರವನ್ನು ಕೆಲವರು ಕಂಡಿರಬಹುದು. ಇದು ಭೂತಚೇಷ್ಟೆಯಲ್ಲ. ಒಂದೇ ಅರ್ತನ್ನು ಹಂಚಿಕೊಂಡ ಬಲ್ಬುಗಳಿಗೆ ಆ ದಾರಿ ಕಡಿದುಹೋದಾಗ, ಪ್ರವಾಹವು ಪಕ್ಕದ ಬಲ್ಬಿನ ತಂತುವಿನೊಳಗೆ ಹಿಂದುಮುಂದಾಗಿ ನುಗ್ಗಿ ಬೇರೊಂದು ದಾರಿಯನ್ನು ಹಿಡಿಯುತ್ತದೆ. ಪರೀಕ್ಷೆ ಸುಲಭ: ಕ್ಲಿಪ್ಪನ್ನು ಬ್ಯಾಟರಿಯ ಧನಧ್ರುವಕ್ಕೆ ಬದಲಿಸಿ, ಮೊನೆಯನ್ನು ಆ ದೀಪದ ಅರ್ತ್ ತಂತಿಗೆ ಮುಟ್ಟಿಸಬೇಕು. ಚೆನ್ನಾಗಿ ಬೆಳಗದಿದ್ದರೆ ಬೋಲ್ಟನ್ನು ಬಿಚ್ಚಿ, ಲೋಹ ಹೊಳೆಯುವವರೆಗೆ ಮರಳುಕಾಗದದಿಂದ ಉಜ್ಜಿ, ಬಿಗಿದು, ಮೇಲೆ ತೆಳುವಾಗಿ ವ್ಯಾಸಲೀನ್ ಸವರಬೇಕು.

ಅಂಕಿಗಳನ್ನು ತೋರಿಸುವ ಮಲ್ಟಿಮೀಟರ್ ಇರುವಾಗ ಈ ಹಳೆಯ ದೀಪವೇಕೆ ಎಂದು ಕೇಳುವವರಿದ್ದಾರೆ. ಮೀಟರು ತಂತಿಯಿಂದ ಪಡೆಯುವ ಪ್ರವಾಹ ಅತ್ಯಲ್ಪ. ಕಿಲುಬು ಹಿಡಿದು ಸತ್ತಂತಿರುವ ತಂತಿಯೂ ಅದಕ್ಕೆ ನಿಸ್ಸಂಕೋಚವಾಗಿ 12 ವೋಲ್ಟ್ ತೋರಿಸಬಲ್ಲದು. 5 ವ್ಯಾಟಿನ ಬಲ್ಬಾದರೋ ಸುಮಾರು 0.4 ಆಂಪಿಯರ್ ಬೇಡುತ್ತದೆ. ತಂತಿ ನಿಜವಾಗಿ ದುಡಿಯಬೇಕಾಗುತ್ತದೆ. ಆದರೂ ದೀಪದ ಸಾಕ್ಷ್ಯಕ್ಕೆ ಮಿತಿಯುಂಟು. ಸ್ಟಾರ್ಟರಿಗೆ ನೂರು ಆಂಪಿಯರಿಗೂ ಮಿಕ್ಕಿ ಬೇಕು. ಒಂದೇ ಎಳೆ ಉಳಿದ ತಂತಿಯು ದೀಪವನ್ನು ಬೆಳಗಿಸೀತು, ಎಂಜಿನ್ನನ್ನು ತಿರುಗಿಸಲಾರದು. ಇಲ್ಲಿ ಮೀಟರೇ ಗತಿ. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಒಂದು ಮೊನೆಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ಎಂಜಿನ್ನಿನ ಲೋಹಕ್ಕೂ ಹಿಡಿದು, ಮತ್ತೊಬ್ಬರಿಂದ ಕೀಲಿ ತಿರುಗಿಸಬೇಕು. ಮೀಟರು ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ತ್ ಪಟ್ಟಿ ಕೆಟ್ಟಿದೆ. ಹೊಸ ಬ್ಯಾಟರಿ ಕೊಂಡರೂ ಆ ದೋಷ ಹಾಗೆಯೇ ಉಳಿಯುವುದು. ನಿಂತ ಕಾರಿನ ಬ್ಯಾಟರಿ ತುಂಬಿದ್ದರೆ ಸುಮಾರು 12.6 ವೋಲ್ಟ್, ಅರ್ಧ ಬರಿದಾಗಿದ್ದರೆ ಸುಮಾರು 12.2, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.8ರಿಂದ 14.5. ಈಚಿನ ಕೆಲವು ಕಾರುಗಳಲ್ಲಿ ಗಣಕವೇ ಇದನ್ನು ಏರಿಳಿಸುವುದುಂಟು.

ಮನೆಯವರು ಗಲ್ಫಿನಲ್ಲಿದ್ದು ಕಾರು ಶೆಡ್ಡಿನಲ್ಲಿ ಮಲಗಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ರಜೆಯಲ್ಲಿ ಬಂದಾಗಲೆಲ್ಲ ಬ್ಯಾಟರಿ ಬರಿದು! ಡಿಕ್ಕಿಯ 5 ವ್ಯಾಟಿನ ದೀಪವೊಂದು ಆರದೆ ಉಳಿದರೂ 40 ಆಂಪಿಯರ್-ಗಂಟೆಯ ಬ್ಯಾಟರಿಯು ಸುಮಾರು ನಾಲ್ಕು ದಿನಗಳಲ್ಲಿ ಪೂರ್ತಿ ಖಾಲಿಯಾಗುತ್ತದೆ. ಎಂಜಿನ್ ಏಳದಂತಾಗಲು ಅಷ್ಟೂ ಬೇಡ. ಋಣಧ್ರುವದ ತಂತಿಯನ್ನು ಕಳಚಿ, ಧ್ರುವಕ್ಕೂ ತಂತಿಗೂ ನಡುವೆ 10 ಆಂಪಿಯರ್ ನೆಲೆಯಲ್ಲಿಟ್ಟ ಮೀಟರನ್ನು ಸೇರಿಸಿದರೆ ಈ ಸೋರಿಕೆ ಕಾಣುತ್ತದೆ. ಆಗ ಎಂಜಿನ್ ಚಾಲೂ ಮಾಡಲೇಬಾರದು. ಕಾರಿನ ಗಣಕಗಳು ನಿದ್ರಿಸಲು ಅರ್ಧ ಗಂಟೆಯಾದರೂ ಕಾದು ನೋಡಿರಿ. 50 ಮಿಲಿಆಂಪಿಯರಿಗಿಂತ ಬಹಳ ಹೆಚ್ಚಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕೀಳುತ್ತ ಬನ್ನಿ. ಯಾವುದನ್ನು ಕಿತ್ತಾಗ ಅಂಕಿ ಇಳಿಯುವುದೋ ಆ ಶಾಖೆಯಲ್ಲಿಯೇ ಕಳ್ಳನಿದ್ದಾನೆ. ಶೆಡ್ಡಿನ ಇಲಿ ಕಡಿದ ತಂತಿಗಳೂ ಹೀಗೆಯೇ ಸಿಕ್ಕಿಬೀಳುವುದುಂಟು.

ಮುಟ್ಟಬಾರದವೂ ಇವೆ. ಏರ್‌ಬ್ಯಾಗಿನ ಹಳದಿ ಕನೆಕ್ಟರುಗಳಿಗೆ ದೀಪ ತಾಗಿಸಿದರೆ ಆ ಚೀಲ ಮುಖದೆದುರು ಸಿಡಿಯಬಹುದು. ವಿದ್ಯುತ್ ಕಾರು ಮತ್ತು ಹೈಬ್ರಿಡ್ ಕಾರುಗಳ ಕಿತ್ತಳೆ ಬಣ್ಣದ ತಂತಿಗಳಲ್ಲಿ ನೂರಾರು ವೋಲ್ಟ್ ಇರುತ್ತದೆ. ಅದು ತರಬೇತಾದವರ ಕೆಲಸ. ಎಂಜಿನ್ನಿನ ಗಣಕಕ್ಕೆ ಹೋಗುವ ತಂತಿಗಳಿಗೆ ಬಲ್ಬಿನ ಟೆಸ್ಟರ್ ಸಲ್ಲದು. ತಂತಿಯ ಹೊದಿಕೆಯನ್ನು ಚುಚ್ಚಿ ನೋಡುವ ಅಭ್ಯಾಸವೂ ಬೇಡ. ಆ ರಂಧ್ರದಿಂದಲೇ ನೀರಿಳಿದು ಮುಂದಿನ ಮಳೆಗಾಲಕ್ಕೆ ಹೊಸ ರೋಗ ಹುಟ್ಟುತ್ತದೆ. ಸುಟ್ಟ 10 ಆಂಪಿಯರಿನ ಕೆಂಪು ಫ್ಯೂಸಿಗೆ ಬದಲಾಗಿ 20ರ ಹಳದಿಯನ್ನು ಹಾಕಿದರೆ, ಫ್ಯೂಸಿಗೆ ಮೊದಲು ತಂತಿಯೇ ಸುಡುವುದು.

ಇಷ್ಟು ಮಾಡಿದ ಮೇಲೂ ವರ್ಕ್‌ಶಾಪಿಗೆ ಹೋಗಬೇಕಾಗಿ ಬಂದರೆ, ಯಾವ ಫ್ಯೂಸಿನಲ್ಲಿ ದೀಪ ಬೆಳಗಿತು, ಎಲ್ಲಿ ಬೆಳಗಲಿಲ್ಲ, ಮೀಟರು ಎಷ್ಟು ತೋರಿಸಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಒಯ್ಯಿರಿ. ಬ್ಯಾಟರಿ ಬದಲಾಯಿಸಬೇಕೆಂದು ಹೇಳುವವರು ಮೊದಲು ಆ ಚೀಟಿಗೆ ಉತ್ತರ ಹೇಳಲಿ.