ಹೆಸರು ಮುಚ್ಚಿದ ಸೀಸೆಗಳು

ವೈನ್ ಮುಟ್ಟದವನೊಬ್ಬ ವೈನಿನ ರುಚಿ ಪರೀಕ್ಷೆಯ ಕುರಿತು ಬರೆಯಹೊರಟಿರುವುದನ್ನು ಕಂಡು ಹಳೆಯ ಓದುಗ ಮಿತ್ರರು ಹುಬ್ಬೇರಿಸಬಹುದು. ನನ್ನ ಆಸಕ್ತಿ ಪಾನದಲ್ಲಿಲ್ಲ, ಪರೀಕ್ಷೆಯಲ್ಲಿದೆ. ಆ ವಿಷಯದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕೆಂಪು ಶಾಯಿಯ ಪೆನ್ನು ಹಿಡಿದವನು ನಾನು.

ಸೀಸೆಯ ಮೇಲಿನ ಹೆಸರನ್ನು ಮರೆಮಾಡಿ, ಅದಕ್ಕೊಂದು ಸಂಖ್ಯೆಯನ್ನಷ್ಟೇ ಕೊಟ್ಟು, ಲೋಟದಲ್ಲಿರುವುದರ ಬಣ್ಣ, ಪರಿಮಳ, ರುಚಿಗಳಿಗೆ ಅಂಕ ಹಾಕುವ ಕ್ರಮವನ್ನು ಬ್ಲೈಂಡ್ ಟೇಸ್ಟಿಂಗ್ ಎನ್ನುತ್ತಾರೆ. ಪರೀಕ್ಷಕರ ಕಣ್ಣಿಗೆ ಯಾರೂ ಬಟ್ಟೆ ಕಟ್ಟುವುದಿಲ್ಲ. ಬಟ್ಟೆ ಸುತ್ತುವುದು ಸೀಸೆಗೆ. ಇಂತಹ ಪರೀಕ್ಷೆಗಳಲ್ಲೆಲ್ಲ ಹೆಚ್ಚು ಹೆಸರುವಾಸಿಯಾದದ್ದು 1976ರ ಮೇ 24ರಂದು ಪ್ಯಾರಿಸ್ಸಿನಲ್ಲಿ ನಡೆಯಿತು. ಅಲ್ಲಿ ವೈನ್ ಅಂಗಡಿ ಇಟ್ಟುಕೊಂಡಿದ್ದ ಸ್ಟೀವನ್ ಸ್ಪರಿಯರ್ ಎಂಬ ಆಂಗ್ಲರು, ಅಮೆರಿಕದ ಸ್ವಾತಂತ್ರ್ಯದ ಇನ್ನೂರನೆಯ ವರ್ಷದ ನೆಪದಲ್ಲಿ, ಕ್ಯಾಲಿಫೋರ್ನಿಯಾದ ವೈನುಗಳನ್ನು ಫ್ರಾನ್ಸಿನ ಶ್ರೇಷ್ಠ ವೈನುಗಳ ಜೊತೆಯಲ್ಲಿಟ್ಟು ಒಂಬತ್ತು ಮಂದಿ ಫ್ರೆಂಚ್ ತಜ್ಞರ ಮುಂದೆ ಇರಿಸಿದರು. ಬಿಳಿಯ ವೈನು ಹತ್ತು, ಕೆಂಪು ಹತ್ತು. ಎರಡರಲ್ಲೂ ಕ್ಯಾಲಿಫೋರ್ನಿಯಾದವು ಆರು, ಫ್ರಾನ್ಸಿನವು ನಾಲ್ಕು. ಪ್ರತಿಯೊಂದಕ್ಕೂ ಇಪ್ಪತ್ತು ಅಂಕ. ಫಲಿತಾಂಶ ಬಂದಾಗ ಬಿಳಿಯದರಲ್ಲಿ ಶಾಟೋ ಮಾಂಟೆಲೀನಾದ 1973ರ ಶಾರ್ಡನೆ, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್‌ನ 1973ರ ಕ್ಯಾಬರ್ನೆ ಸೊವಿನ್ಯೋನ್ ಮೊದಲ ಸ್ಥಾನದಲ್ಲಿದ್ದವು. ಎರಡೂ ಕ್ಯಾಲಿಫೋರ್ನಿಯಾದ ನಾಪಾ ಕಣಿವೆಯವು. ಅಲ್ಲಿದ್ದ ಏಕೈಕ ಪತ್ರಕರ್ತ, ಟೈಮ್ ಪತ್ರಿಕೆಯ ಜಾರ್ಜ್ ಟೇಬರ್ ಇದನ್ನು ವರದಿ ಮಾಡಿರದಿದ್ದರೆ ಸಂಗತಿ ಆ ಹೋಟೆಲಿನ ಗೋಡೆಗಳ ನಡುವೆಯೇ ಮುಗಿದುಹೋಗುತ್ತಿತ್ತೇನೋ.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಪಂಡಿತರ ಗರ್ವಭಂಗವೆಂದು ಹೇಳಿ ನಗುತ್ತಾರೆ. ನನಗೆ ಈ ನಗೆ ಒಪ್ಪಿಗೆಯಿಲ್ಲ. ತಮ್ಮ ಕಾಲೇಜಿನ ಹುಡುಗನ ಉತ್ತರಪತ್ರಿಕೆ ಎಲ್ಲಿದೆಯೆಂದು ತಿಳಿಯದೆ ಅಂಕ ಹಾಕಿ, ಪರವೂರಿನ ಹುಡುಗನಿಗೆ ಮೊದಲ ಸ್ಥಾನ ಕೊಟ್ಟ ಉಪಾಧ್ಯಾಯನನ್ನು ಯಾರಾದರೂ ದಡ್ಡನೆನ್ನುತ್ತಾರೆಯೇ? ಆ ಒಂಬತ್ತು ಮಂದಿ ಲೋಟದಲ್ಲಿದ್ದುದಕ್ಕೆ ಅಂಕ ಹಾಕಿದರು. ಅವರ ನಾಲಿಗೆ ಪ್ರಾಮಾಣಿಕವಾಗಿತ್ತು. ಮೂವತ್ತು ವರ್ಷಗಳ ತರುವಾಯ, 2006ರಲ್ಲಿ, ಅದೇ ಕೆಂಪು ವೈನುಗಳನ್ನು ಲಂಡನ್ನಿನಲ್ಲೂ ನಾಪಾದಲ್ಲೂ ಮತ್ತೆ ಪರೀಕ್ಷೆಗಿಟ್ಟಾಗ ಮೊದಲ ಐದು ಸ್ಥಾನಗಳೂ ಕ್ಯಾಲಿಫೋರ್ನಿಯಾಕ್ಕೇ ಬಂದವು. ಪ್ಯಾರಿಸ್ಸಿನ ಪರೀಕ್ಷಕರಲ್ಲಿ ನನಗೆ ಬೇಸರ ತರಿಸುವವರು ಓಡೆಟ್ ಕಾನ್ ಎಂಬಾಕೆ ಒಬ್ಬರೇ. ವೈನ್ ಪತ್ರಿಕೆಯೊಂದರ ಸಂಪಾದಕಿಯಾಗಿದ್ದ ಆಕೆ ಫಲಿತಾಂಶ ಕೇಳಿದ ಮೇಲೆ ತಾವು ಬರೆದ ಅಂಕಪಟ್ಟಿಯನ್ನು ಹಿಂದಿರುಗಿಸಿರೆಂದು ಪಟ್ಟು ಹಿಡಿದರಂತೆ. ಸ್ಪರಿಯರ್ ಕೊಡಲಿಲ್ಲ. ಕೊಡಲೂಬಾರದು.

ಇಂತಹದೊಂದು ಪರೀಕ್ಷೆಯನ್ನು ಹತ್ತಿರದಿಂದ ನೋಡುವ ಯೋಗ ನನಗೆ ಒದಗಿದ್ದು ಕೆಲವು ವರ್ಷಗಳ ಹಿಂದೆ, ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ಮಗನ ಮನೆಗೆ ಹೋಗಿದ್ದಾಗ. ಶನಿವಾರ ಸಂಜೆ ಅವನ ಗೆಳೆಯರು ನಾಲ್ವರು ಬಂದಿದ್ದರು. ಎಲ್ಲರೂ ನಮ್ಮ ಕಡೆಯವರೇ. "ಅಪ್ಪ, ನೀವು ಕುಡಿಯುವುದಿಲ್ಲ. ಸೀಸೆಗೆ ನಂಬರು ಹಾಕುವುದಕ್ಕೆ ನಿಮಗಿಂತ ನಂಬಿಕಸ್ಥರು ಸಿಗುವುದಿಲ್ಲ" ಎಂದು ಮಗ ಆ ಕೆಲಸವನ್ನು ನನಗೊಪ್ಪಿಸಿದ. ನಾನೂ ಸೊಸೆಯೂ ಅಡುಗೆಮನೆಯಲ್ಲಿ ಕುಳಿತು ಆರು ಸೀಸೆಗಳನ್ನು ಕಂದು ಕಾಗದದ ಚೀಲಗಳಲ್ಲಿಟ್ಟು, ಕತ್ತಿನ ಬಳಿ ದಾರ ಕಟ್ಟಿ, ಒಂದರಿಂದ ಆರರವರೆಗೆ ಸಂಖ್ಯೆ ಬರೆದೆವು. ಎಲ್ಲವೂ ಕೆಂಪು ವೈನುಗಳೇ. ಅವುಗಳಲ್ಲೊಂದು ನಮ್ಮ ನಂದಿಬೆಟ್ಟದ ತಪ್ಪಲಿನ ದ್ರಾಕ್ಷಿಯದು. ಗೆಳೆಯರೊಬ್ಬರು ಊರಿಗೆ ಹೋದಾಗ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ತಂದಿದ್ದರು. ಎರಡು ಮತ್ತು ಐದನೆಯ ಚೀಲಗಳಲ್ಲಿ ಒಂದೇ ವೈನನ್ನು ಇಟ್ಟೆವು. ಈ ಗುಟ್ಟು ನಮ್ಮಿಬ್ಬರಿಗೆ ಮಾತ್ರ ಗೊತ್ತು.

ಮೊದಲ ಸೀಸೆಯ ಸರದಿಯಲ್ಲಿ ಗುಂಪಿನ ಹಿರಿಯರು ಲೋಟವನ್ನು ಮೂಗಿನ ಬಳಿ ತಿರುಗಿಸಿ, "ಇದರಲ್ಲಿ ಕರಿಮೆಣಸು ಇದೆ" ಎಂದರು. ಅಷ್ಟೇ! ಉಳಿದ ನಾಲ್ವರ ಮೂಗಿಗೂ ಕರಿಮೆಣಸು ಬಡಿಯಿತು. ನಾನು ಕೂಡಲೇ ಪರೀಕ್ಷಾ ಕೊಠಡಿಯ ನಿಯಮವನ್ನು ಜಾರಿಗೆ ತಂದೆ: ಮಾತಿಲ್ಲ, ಪಕ್ಕದವರ ಚೀಟಿ ನೋಡುವಂತಿಲ್ಲ, ಅಂಕ ಬರೆದು ಚೀಟಿ ನನ್ನ ಕೈಗೆ ಬಂದ ಮೇಲೆಯೇ ಹರಟೆ. "ಅಂಕಲ್, ಇದು ಪಾರ್ಟಿ" ಎಂದು ಒಬ್ಬ ಗೊಣಗಿದ. ಕೊಠಡಿ ಮೇಲ್ವಿಚಾರಕನಿಗೆ ಅಂತಹ ಗೊಣಗಾಟ ಹೊಸದಲ್ಲ. ಆ ಮೌನದಲ್ಲಿ ಬಂದ ಚೀಟಿಗಳು ಒಂದರಂತೆ ಇನ್ನೊಂದು ಇರಲಿಲ್ಲ. ನಂದಿಯ ವೈನಿಗೆ ಒಟ್ಟಿನಲ್ಲಿ ಮೂರನೆಯ ಸ್ಥಾನ ಬಂತು. ಒಬ್ಬರು ಅದನ್ನು ಇಟಲಿಯದೆಂದು ಊಹಿಸಿದ್ದರು. ಸೀಸೆ ಹೊತ್ತು ತಂದವರೇ ಅದನ್ನು ಗುರುತಿಸಿರಲಿಲ್ಲ.

ನನಗೆ ಬೇಕಾಗಿದ್ದುದು ಎರಡು ಮತ್ತು ಐದನೆಯ ಸಂಖ್ಯೆಗಳ ಅಂಕಗಳು. ಒಬ್ಬರು ಎರಡಕ್ಕೆ ಹದಿನೇಳು ಕೊಟ್ಟು 'ಮಾಗಿದ ಹಣ್ಣಿನ ಪರಿಮಳ' ಎಂದು ಬರೆದಿದ್ದರು. ಐದಕ್ಕೆ ಹತ್ತು ಅಂಕ, 'ಹುಳಿ' ಎಂಬ ಷರಾ. ಮಗನ ಅಂಕಗಳಲ್ಲಿಯೂ ನಾಲ್ಕರ ಅಂತರ. ಎರಡಕ್ಕೂ ಸಮನಾಗಿ ಎಂಟೆಂಟು ಅಂಕ ಹಾಕಿದವಳು ಒಬ್ಬಳೇ ಹುಡುಗಿ. ಆಕೆಗೆ ಆ ವೈನು ಸ್ವಲ್ಪವೂ ಹಿಡಿಸಿರಲಿಲ್ಲ, ಎರಡು ಸಲವೂ ಹಿಡಿಸಲಿಲ್ಲ. ನಾನು ಪರೀಕ್ಷಕಿಯಾಗಿ ಆಯ್ದುಕೊಳ್ಳುವುದಾದರೆ ಆಕೆಯನ್ನೇ.

ಈ ಉಪಾಯ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ರಾಬರ್ಟ್ ಹಾಡ್ಜ್‌ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು ಸ್ವತಃ ವೈನ್ ತಯಾರಕರು. ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಅವರು ಅನುಭವಿ ತೀರ್ಪುಗಾರರಿಗೆ ಒಂದೇ ಸೀಸೆಯ ವೈನನ್ನು ಇತರ ವೈನುಗಳ ನಡುವೆ ಮೂರು ಸಲ ಕೊಡಿಸಿ ನೋಡಿದರು. 2008ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ, ಮೂರು ಸಲವೂ ಹೆಚ್ಚುಕಡಿಮೆ ಒಂದೇ ತೀರ್ಪು ಕೊಟ್ಟವರು ಹತ್ತರಲ್ಲಿ ಸುಮಾರು ಒಬ್ಬರು. ಹೆಸರನ್ನು ಮುಚ್ಚಿದರೆ ಪಕ್ಷಪಾತವೇನೋ ತಗ್ಗುತ್ತದೆ. ನಾಲಿಗೆಯ ಚಂಚಲತೆ ಹಾಗೆಯೇ ಉಳಿಯುತ್ತದೆ.

ಇನ್ನೊಂದು ತೊಡಕು ಬಣ್ಣದ್ದು. ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ವಿದ್ಯೆ ಕಲಿಯುತ್ತಿದ್ದ 54 ಮಂದಿಗೆ ಬಿಳಿಯ ವೈನಿಗೇ ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿ ಕೊಟ್ಟಾಗ, ಅವರು ಅದರ ಪರಿಮಳವನ್ನು ಕೆಂಪು ವೈನಿಗೆ ಬಳಸುವ ಮಾತುಗಳಲ್ಲಿಯೇ ವರ್ಣಿಸಿದರು. ಫ್ರೆಡೆರಿಕ್ ಬ್ರೋಶೆ ಮತ್ತು ಸಂಗಡಿಗರು ಇದನ್ನು 2001ರಲ್ಲಿ ಪ್ರಕಟಿಸಿದರು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ನಮ್ಮಲ್ಲಿ ಎಳೆಯ ಮಕ್ಕಳಿಗೂ ಹೇಳಿಕೊಡುತ್ತೇವೆ; ಆದರೂ ಕಣ್ಣು ಮೊದಲು ಓಡುತ್ತದೆ, ಮೂಗು ಅದರ ಹಿಂದೆ ಹೋಗುತ್ತದೆ. ಇದಕ್ಕಾಗಿಯೇ ಕೆಲವೆಡೆ ಕಪ್ಪು ಗಾಜಿನ ಲೋಟಗಳನ್ನು ಬಳಸುವುದುಂಟು.

ಇದನ್ನು ಓದಿದಾಗ ನನಗೆ ಮೌಲ್ಯಮಾಪನ ಕೇಂದ್ರದ ಉದ್ದನೆಯ ಮೇಜುಗಳು ಕಣ್ಣಿಗೆ ಕಟ್ಟಿದವು. ನಾವು ತಿದ್ದುತ್ತಿದ್ದ ಉತ್ತರಪತ್ರಿಕೆಗಳ ಮೇಲೆ ವಿದ್ಯಾರ್ಥಿಯ ಹೆಸರಾಗಲಿ ಶಾಲೆಯ ಹೆಸರಾಗಲಿ ಇರುತ್ತಿರಲಿಲ್ಲ. ಸೀಸೆಗೆ ಚೀಲ ತೊಡಿಸಿಯಾಗಿತ್ತು. ಆದರೆ ಕೈಬರಹಕ್ಕೆ ಯಾವ ಚೀಲ? ದುಂಡಗೆ, ಮುತ್ತು ಪೋಣಿಸಿದಂತೆ ಬರೆದ ಪತ್ರಿಕೆಗೆ ಪ್ರಬಂಧದ ಪ್ರಶ್ನೆಯಲ್ಲಿ ಒಂದು ಅಂಕ ತಾನಾಗಿ ಏರುತ್ತದೆ. ಕಾಗೆಕಾಲು ಗುಬ್ಬಿಕಾಲಿನ ಅಕ್ಷರದವನ ಸರಿಯುತ್ತರವನ್ನೂ ಸಂಶಯದಿಂದ ಓದುತ್ತೇವೆ. ಬೆಳಗಿನ ಮೊದಲ ಪತ್ರಿಕೆಗೆ ಸಿಕ್ಕುವ ತಾಳ್ಮೆ ಮಧ್ಯಾಹ್ನದ ಊಟದ ನಂತರದ ಪತ್ರಿಕೆಗೆ ಸಿಕ್ಕುತ್ತದೆಯೇ? ಈ ವೃತ್ತಿಯಲ್ಲಿದ್ದವರೆಲ್ಲ ಬಲ್ಲ ಮಾತಿದು. ವೈನಿಗೆ ಅಂಕ ಕಡಿಮೆಯಾದರೆ ಯಾರಿಗೂ ನಷ್ಟವಿಲ್ಲ, ಉಳಿದದ್ದನ್ನು ಹಂಚಿಕೊಂಡು ಕುಡಿದರಾಯಿತು. ಒಂದೆರಡು ಅಂಕಗಳಿಂದ ನಪಾಸಾದ ಹುಡುಗಿಯ ಓದು ಅಲ್ಲಿಗೇ ನಿಂತು, ಆ ವರ್ಷವೇ ಮದುವೆಯ ಮಾತು ಶುರುವಾಗುವುದನ್ನು ಹಳ್ಳಿಯ ಶಾಲೆಗಳಲ್ಲಿ ದುಡಿದವರು ಕಂಡಿರುತ್ತಾರೆ. ಶುಲ್ಕ ಕಟ್ಟಿ ಮರುಮೌಲ್ಯಮಾಪನ ಕೇಳಬಹುದು, ನಿಜ. ಕೇಳಬಹುದೆಂದು ಆಕೆಯ ತಂದೆತಾಯಿಗೆ ಹೇಳುವವರು ಯಾರು?

ಆದ್ದರಿಂದ ನನ್ನದೊಂದು ಸಲಹೆ. ರಾಜ್ಯದ ಲಕ್ಷಾಂತರ ಮಕ್ಕಳ ಪತ್ರಿಕೆಗಳನ್ನೆಲ್ಲ ಇಬ್ಬಿಬ್ಬರಿಂದ ತಿದ್ದಿಸುವುದು ಕಷ್ಟವೆಂದು ಒಪ್ಪುತ್ತೇನೆ. ಪ್ರತಿಯೊಬ್ಬ ಮೌಲ್ಯಮಾಪಕನ ಕಟ್ಟಿನಲ್ಲಿ, ಅವನಿಗೆ ತಿಳಿಯದಂತೆ, ಒಂದೇ ಉತ್ತರವನ್ನು ಎರಡು ಬೇರೆ ಕೈಬರಹಗಳಲ್ಲಿ ಬರೆಸಿ ಇಡುವುದು ಕಷ್ಟವಲ್ಲ: ಒಂದು ಬೆಳಗಿನ ಕಟ್ಟಿನಲ್ಲಿ, ಇನ್ನೊಂದು ಸಂಜೆಯ ಕಟ್ಟಿನಲ್ಲಿ. ಮರುಮೌಲ್ಯಮಾಪನ ಮಾಡುವವನ ಕಣ್ಣಿಗೆ ಮೊದಲಿನವನು ಹಾಕಿದ ಕೆಂಪು ಅಂಕಗಳು ಬೀಳದಂತೆ ನೋಡಿಕೊಳ್ಳಬೇಕು. ಬಿದ್ದರೆ ಅವನಿಗೂ ಕರಿಮೆಣಸೇ ಬಡಿಯುತ್ತದೆ. ಉಪಾಧ್ಯಾಯರಿಗೆ ಇದು ಅವಮಾನವೆಂದು ಸಂಘಗಳವರು ದನಿಯೆತ್ತಬಹುದು. ಫಲಿತಾಂಶವನ್ನು ಸಭೆಯಲ್ಲಿ ಓದುವುದು ಬೇಡ. ಫ್ರೀಮಾಂಟಿನಲ್ಲಿ ನಾನು ಮಾಡಿದಂತೆ, ಎರಡೂ ಅಂಕಗಳನ್ನು ಒಂದು ಚೀಟಿಯಲ್ಲಿ ಬರೆದು, ಮಡಚಿ, ಆಯಾ ಮೌಲ್ಯಮಾಪಕನ ಕೈಗೆ ಮಾತ್ರ ಕೊಟ್ಟರೆ ಸಾಕು.